ಅಣ್ಣ ಕೊಟ್ಟುಬಿಟ್ಟ ಚಿತ್ರಕಥೆ ಪುಸ್ತಕಗಳು

ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಗೆ ನಾನು ಟೀಚರಾಗಿ ಸೇರಿದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು. ಅಪ್ಪ ದೇವಸ್ಥಾನದ ಅರ್ಚಕರು, ಅಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಶಾಲೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕು ಚೌಕದ ಚಿತ್ರಕಥೆಯೊಂದು ಇರುತ್ತಿತ್ತು. ಒಬ್ಬ ಪೋಸ್ಟ್‌ಮ್ಯಾನ್, ಅವನ ಮಾತು ಕೇಳದ ಒಂದು ಕತ್ತೆ. ದಿನವೂ ಯಾರದೋ ಕಾಗದ ಇನ್ಯಾರದೋ ಮನೆ ಸೇರುತ್ತಿತ್ತು, ಅಷ್ಟೇ. ಅದನ್ನು ನೋಡಿ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಗುತ್ತಿದ್ದೆ. ಬಹಳ ಹಳೆಯ ಕಥೆಯದು, ಯುದ್ಧಕ್ಕೂ ಮುಂಚೆ ಆರು ಸಂಪುಟವಾಗಿ ವಿಲಾಯತಿಯಲ್ಲಿ ಅಚ್ಚಾಗಿತ್ತು ಎಂದು ಹೆಡ್ ಮಿಸ್ಟ್ರೆಸ್ ಒಮ್ಮೆ ಹೇಳಿದರು. ಅಲ್ಲಿಂದ ಶುರುವಾಯಿತು ನನ್ನ ಹುಚ್ಚು.

ಇಂಗ್ಲೆಂಡಿಗೆ ಹೊರಟುನಿಂತ ಕಾಫಿ ಎಸ್ಟೇಟಿನ ದೊರೆಗಳು ಬಂಗಲೆಯ ಸಾಮಾನು ಮಾರುವ ಸುದ್ದಿ ಸಿಕ್ಕಿದರೆ ಭಾನುವಾರ ಬಸ್ಸು ಹತ್ತುತ್ತಿದ್ದೆ. ಸಂಪಾಜೆ ಕಡೆ ಎರಡು ಸಿಕ್ಕವು, ಬೇರೆ ಬೇರೆ ಎಸ್ಟೇಟುಗಳಲ್ಲಿ ಮೂರು. ಮೂರನೆಯ ಸಂಪುಟ ಮಾತ್ರ ಎಲ್ಲೂ ಇರಲಿಲ್ಲ.

ಕೊನೆಗೆ ಕಕ್ಕಬೆಯ ಹತ್ತಿರ ಒಂದು ಎಸ್ಟೇಟಿಗೆ ಹೋದೆ. ಬಸ್ಸಿಳಿದು ಬಂಗಲೆ ಮುಟ್ಟುವಷ್ಟರಲ್ಲಿ ಕಾಲೆಲ್ಲ ಜಿಗಣೆ. ಅಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ನನ್ನನ್ನು ನೋಡಿ, "ಎಲ್ಲಾ ಪ್ಯಾಕಾಯ್ತಲ್ಲ ಟೀಚರೇ, ಇನ್ನು ಒಲೆಗೆ ಹಾಕೋ ಕಾಗ್ದ ಮಾತ್ರ ಉಳ್ದಿರೋದು" ಎಂದ. ಆ ರಾಶಿಯನ್ನು ಕೆದಕಿದೆ. ಅದರಲ್ಲಿತ್ತು. ಮೊದಲ ಪುಟದಲ್ಲಿ ಒಂದು ಹೆಸರು, ಮಕ್ಕಳ ಕೈಬರಹ.

ದೊರೆಸಾನಿ ಹೊರಗೆ ಬಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ಅವರ ಮಗನದು. ಅವನು ಯುದ್ಧದಲ್ಲಿ ಸತ್ತಿದ್ದ. "ಜೊತೆಗೆ ಒಯ್ಯಲು ಧೈರ್ಯವಿಲ್ಲ, ಸುಡಲು ಹೇಳಿದ್ದೆ" ಎಂದರು. ಮತ್ತೆ ಅದನ್ನು ನನ್ನ ಕೈಗೇ ಕೊಟ್ಟು, "ನೀನು ಇಟ್ಟುಕೊಳ್ಳುತ್ತೀಯಲ್ಲ?" ಎಂದು ಕೇಳಿದರು. ಇಟ್ಟುಕೊಳ್ಳುತ್ತೇನೆ ಎಂದೆ.

ಕೊಡಗು ಮೈಸೂರಿಗೆ ಸೇರುವುದು ಖಚಿತವಾದ ವರ್ಷ ಅಣ್ಣನ ಕಚೇರಿಯಲ್ಲಿ ಎಲ್ಲರಿಗೂ ವರ್ಗಾವಣೆಯ ಭಯ. ಆಗ ನಾನು ಪರೀಕ್ಷೆ ಕೆಲಸಕ್ಕೆಂದು ನಾಲ್ಕು ದಿನ ಶನಿವಾರಸಂತೆ ಎಂಬ ಊರಿಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ, ಆ ಪುಸ್ತಕಗಳನ್ನು ಇಟ್ಟಿದ್ದ ನನ್ನ ಟ್ರಂಕಿನಲ್ಲಿ ಸೀರೆಗಳು ಮಾತ್ರ ಇದ್ದವು.

"ಅಣ್ಣಾ, ನನ್ನ ಪುಸ್ತಕ ಎಲ್ಲಿ?"

"ನಮ್ಮ ಆಫೀಸಿನ ಸಾಹೇಬ್ರ ಮಗಳಿಗೆ ಕೊಟ್ಟೆ ಮಾರಾಯ್ತಿ. ಆ ಹುಡ್ಗಿಗೆ ಜ್ವರ, ಬೇಜಾರು ಅಂತ ಅಳ್ತಿತ್ತಂತೆ."

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳೋದೇನು ಅದ್ರಲ್ಲಿ? ಮಕ್ಕಳ ಪುಸ್ತಕ. ನನ್ನನ್ನ ಎಲ್ಲೋ ದೂರ ಎತ್ತಾಕಿದ್ರೆ ಅಪ್ಪನ್ನ ನೀನು ನೋಡ್ತೀಯಾ?"

ಅಪ್ಪ ಜಪದ ಮಣೆಯಿಂದಲೇ, "ಆಯ್ತಲ್ಲ, ಬಿಡಮ್ಮ. ಕತ್ತೆ ಚಿತ್ರಕ್ಕೆ ಅಣ್ಣ ತಂಗಿ ಜಗಳ ಆಡ್ತಾರಾ?" ಎಂದರು.

ಮಾರನೆಯ ದಿನ ಸಾಹೇಬರ ಮನೆಗೆ ಹೋದೆ. ಐದು ಹೋಗಲಿ, ಮೂರನೆಯದೊಂದನ್ನು ಕೇಳಿ ತರೋಣವೆಂದುಕೊಂಡಿದ್ದೆ. ಅವರ ಹೆಂಡತಿ ಮರ್ಯಾದೆಯಿಂದ ಒಳಗೆ ಕರೆದು ಮಗಳ ಕೋಣೆ ತೋರಿಸಿದರು. ಹುಡುಗಿಗೆ ಜ್ವರ ಬಿಟ್ಟಿತ್ತು. ಕತ್ತರಿ ಹಿಡಿದು ಹಾಸಿಗೆಯ ಮೇಲೆ ಕೂತಿದ್ದಳು. ಆರೂ ಸಂಪುಟಗಳ ಕತ್ತೆಗಳನ್ನು ಕತ್ತರಿಸಿ, ಅನ್ನದ ಅಂಟಿನಲ್ಲಿ ಗೋಡೆಯ ತುಂಬ ಹಚ್ಚಿದ್ದಳು. ಉಳಿದ ಕಾಗದ ಮಂಚದ ಕೆಳಗೆ ಬಿದ್ದಿತ್ತು. ಆ ಮಗುವಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೇನು ಗೊತ್ತು?

"ಎಷ್ಟು ಚೆನ್ನಾಗಿ ಅಂಟಿಸಿದ್ದಾಳೆ ಅಲ್ವಾ ಟೀಚರ್?" ಎಂದರು ಆಕೆ.

"ತುಂಬಾ ಚೆನ್ನಾಗಿದೆ" ಎಂದೆ. ಅವರು ಕೊಟ್ಟ ಕಾಫಿ ಕುಡಿದೆ. ನಿಮ್ಮ ಅಣ್ಣ ಬಹಳ ಒಳ್ಳೆಯವರು ಎಂದರು, ಅದಕ್ಕೂ ಹೌದೆಂದೆ. ಅಣ್ಣ ಮಾಡಿದ್ದಕ್ಕಿಂತ ಆ ನನ್ನ ಮಾತುಗಳೇ ಇಂದಿಗೂ ಹೆಚ್ಚು ಚುಚ್ಚುತ್ತವೆ. ಅವನ ನೌಕರಿಗೆ ಕುತ್ತು ಬಂದೀತೆಂದು ನಾನೂ ಹೆದರಿದ್ದೆ.

ಅಣ್ಣ ಮಡಿಕೇರಿಯಲ್ಲೇ ಉಳಿದ. ಬಡ್ತಿಯೂ ಸಿಕ್ಕಿತು. ನಾನೇ ಅರ್ಜಿ ಹಾಕಿ ಕುಶಾಲನಗರದ ಹತ್ತಿರದ ಶಾಲೆಗೆ ಹೋದೆ. ಹಬ್ಬಕ್ಕೆ ನಾನು ಮನೆಗೆ ಬಂದಾಗಲೆಲ್ಲ ಅವನು ನೆಂಟರ ಮುಂದೆ, "ಇವಳು ಯಾವುದೋ ಹಳೇ ಪುಸ್ತಕಕ್ಕೆ ಊರು ಬಿಟ್ಟವಳು" ಎಂದು ನಗಿಸುತ್ತಿದ್ದ. ಮೂರು ವರ್ಷ ಕೇಳಿಸಿಕೊಂಡೆ. ಆಮೇಲೆ ಹಬ್ಬಕ್ಕೆ ಹೋಗುವುದನ್ನೇ ಬಿಟ್ಟೆ.