ಸಿಂಧನೂರಿಗೆ ನಾನು ಚಿಲಕ ಹಾಕಿದ ಬೆಳಿಗ್ಗೆ

ಖಾಲಿ ಕೊಡಕ್ಕೆ ಖಾಲಿ ಕೊಡ ತಾಗಿದರೆ ಎಂಥ ಸದ್ದಾಗುತ್ತದೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಸಿಂಧನೂರಿನ ಬಾಡಿಗೆ ಮನೆಯಲ್ಲಿ ಅದು ನಾಲ್ಕನೆಯ ಬೆಳಿಗ್ಗೆ. ಕಾಫಿಗೆ ಹಾಲು ಕೂಡ ಇಟ್ಟಿರಲಿಲ್ಲ, ಓಣಿಯಲ್ಲಿ ಢಣ್ ಢಣ್ ಎಂದು ಎದ್ದಿತು. ಅದರ ಮೇಲೆ ಹತ್ತಾರು ಹೆಂಗಸರ ಕೂಗು, ಓಡುವ ಕಾಲುಗಳು. ಗಲಾಟೆ ಶುರುವಾಯಿತು ಎಂದುಕೊಂಡೆ. ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ದೂಡಿ, ಅದರ ಮೇಲೆ ಕುಳಿತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಪ್ರೇಯರ್ ತಾನಾಗಿಯೇ ಬಾಯಿಗೆ ಬಂತು.

ಯಾರೋ ಬಾಗಿಲು ಬಡಿದರು. "ಬಾಗಲಾ ತಗೀರಿ ಅಮ್ಮಾರ! ಎದ್ದೀರೋ ಇಲ್ಲೋ?"

ಕುರ್ಚಿ ಬಿಟ್ಟು ಏಳಲಿಲ್ಲ. ಅರ್ಧ ಗಂಟೆಯ ಮೇಲೆ ಎಲ್ಲ ತಣ್ಣಗಾಯಿತು. ಬಾಗಿಲು ತೆಗೆದು ನೋಡಿದರೆ ಓಣಿಯೆಲ್ಲ ಒದ್ದೆ. ಎಲ್ಲರ ಮನೆಯ ಡ್ರಮ್ಮು ತುಂಬಿತ್ತು, ನನ್ನದೊಂದೇ ಖಾಲಿ. ನಲ್ಲಿ ನೀರು ಬಂದು ಹೋಗಿತ್ತು. ಮತ್ತೆ ಬರುವುದು ಎಂಟು ದಿನಕ್ಕೆ.

ಹೀಗೆ ಹೆದರಲು ನನಗೆ ಟ್ರೇನಿಂಗ್ ಆಗಿತ್ತು. ಯಜಮಾನರು ಹೋದ ಮೇಲೆ ಹನ್ನೊಂದು ವರ್ಷ ನಾನಿದ್ದದ್ದು ಮೈಸೂರಿನಲ್ಲಿ, ಅಕ್ಕ ವಿಮಲಾಳ ಮನೆಯ ಮಹಡಿ ಕೋಣೆಯಲ್ಲಿ. ಸಿಂಧನೂರಿನ ಶಾಲೆಯೊಂದು ತನ್ನ ಟೀಚರುಗಳಿಗೆ ಇಂಗ್ಲಿಷ್ ಹೇಳಿಕೊಡಲು ಕರೆದಾಗ ನಾನು ಹೂಂ ಅಂದುಬಿಟ್ಟೆ. ಅಕ್ಕ ಕಾಫಿ ಲೋಟ ಕೆಳಗಿಟ್ಟಳು.

"ರಾಯಚೂರು ಜಿಲ್ಲೇನಾ? ಅದು ಪನಿಷ್‌ಮೆಂಟ್ ಟ್ರಾನ್ಸ್‌ಫರ್ ಜಾಗ ಕಣೇ ಕಮಲಿ. ಬಿಸಿಲು, ಧೂಳು, ಹೊಡೆದಾಟ. ಯುಗಾದಿ ತನಕ ನಿನ್ನ ರೂಮು ಹಾಗೇ ಇಟ್ಟಿರ್ತೀನಿ. ಅಷ್ಟರೊಳಗೆ ಬರಲಿಲ್ವೋ, ಮೊಮ್ಮಗನಿಗೆ ಕೊಟ್ಟುಬಿಡ್ತೀನಿ."

ಹೀಗೆ ಎಚ್ಚರಿಕೆ ಕೊಟ್ಟ ನೆಂಟರಿಷ್ಟರಲ್ಲಿ ಒಬ್ಬರೂ ಹೊಸಪೇಟೆ ದಾಟಿ ಈಚೆ ಬಂದವರಲ್ಲ. ಇದನ್ನು ಮೈಸೂರಿನ ನನ್ನ ಓದುಗರು ದಯವಿಟ್ಟು ಗಮನಿಸಬೇಕು.

ಆ ಮಧ್ಯಾಹ್ನ ಪಕ್ಕದ ಮನೆಯ ಅಮರಮ್ಮ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬಂದಳು. ಹತ್ತಿರದ ಸಾಲಗುಂದ ಹಳ್ಳಿಯ ಮಗಳು, ಈ ಓಣಿಯ ಹಳೆಯ ಸೊಸೆ. ಬಾಗಿಲು ಬಡಿದವಳು ಅವಳೇ.

"ಅಷ್ಟು ಒದರಿದ್ರೂ ಯಾಕ ತಗೀಲಿಲ್ರಿ?"

"ಹೆದರಿಕೆಯಾಯಿತು."

"ಯಾರಿಗಿ ಅಂಜಿದ್ರಿ?"

"ನಿಮಗೇ."

ಕೊಡ ಇಳಿಸಿ ಹೊಸ್ತಿಲ ಮೇಲೆ ಕುಳಿತು ಅವಳು ನಕ್ಕ ನಗೆ ಇಡೀ ಓಣಿಗೆ ಕೇಳಿಸಿತು. "ಏ ಶಾಂತವ್ವಾ, ಬಾ ಇಲ್ಲೆ! ಮೈಸೂರಮ್ಮಾರು ನಮಗ ಅಂಜ್ಯಾರಂತ! ಲಗ್ನಾಗಿ ನಲವತ್ ವರ್ಷ ಆತು, ನಮ್ಮನಿ ಮನಷ್ಯಾ ನನಗ ಒಂದಿನಾ ಅಂಜಿಲ್ಲ ನೋಡ್ರಿ."

ಕೊಡದ ನೀರನ್ನು ನನ್ನ ಡ್ರಮ್ಮಿಗೆ ಸುರಿದಳು. ಸಂಜೆಯೊಳಗೆ ಆರು ಮನೆಗಳಿಂದ ಆರು ಕೊಡ ಬಂದವು. ನಾನು ಯಾರನ್ನೂ ಕೇಳಿರಲಿಲ್ಲ. ನಸುಕಿನಲ್ಲೇ ತುರ್ವಿಹಾಳದ ಕಡೆ ಭತ್ತದ ನಾಟಿಗೆ ಹೋಗುವ ಹೆಂಗಸರು ಈ ಓಣಿಯಲ್ಲಿ ಬಹಳ. ಅವರಿಲ್ಲದಾಗ ನೀರು ಬಂದರೆ ಮುಚ್ಚಿದ ಮನೆಗೆಂದು ಪ್ರತಿಯೊಬ್ಬರೂ ಒಂದು ಕೊಡ ಹೆಚ್ಚಿಗೆ ಹಿಡಿಯಬೇಕು, ಅದು ಓಣಿಯ ರೂಲ್. ಒಳಗೆ ಕುಳಿತು ಚಿಲಕ ಹಾಕಿಕೊಂಡವರಿಗೂ ಅದೇ ರೂಲ್ ಎಂದು ಆ ದಿನ ತೀರ್ಮಾನವಾಯಿತಂತೆ.

ಮೈಸೂರಿನಲ್ಲಿ ನಲ್ಲಿ ತಿರುಗಿಸಿದರೆ ಕಾವೇರಿ. ಆದರೆ ಕಾಂಪೌಂಡಿನಾಚೆಯ ಹೆಂಗಸಿನ ಹೆಸರು ಹನ್ನೊಂದು ವರ್ಷವಾದರೂ ನನಗೆ ಗೊತ್ತಾಗಲಿಲ್ಲ. ಪ್ರೈವಸಿ ಅನ್ನುತ್ತಿದ್ದೆವು ಅದಕ್ಕೆ. ಇಲ್ಲಿ ಶನಿವಾರ ಶಾಲೆಯ ಲಿಂಗಸುಗೂರು ಬ್ರಾಂಚಿನ ಕ್ಲಾಸಿಗೆಂದು ಬಸ್ಸು ಹತ್ತಿದರೆ ಕಂಡಕ್ಟರ್ ಬರುವ ಮೊದಲೇ ಪಕ್ಕದವಳು ಕೇಳುತ್ತಾಳೆ, "ಮಕ್ಕಳಿಲ್ಲೇನ್ರಿ? ಯಾಕ?" ಮೊದಲ ಸಲ ಮುಖ ತಿರುಗಿಸಿದೆ. ಎರಡನೆಯ ಸಲ ಮಸ್ಕಿ ಬರುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ, ಅಕ್ಕನಿಗೂ ಹೇಳದ್ದನ್ನು. ಅವಳು ಒಂದು ಪೇರಲ ಹಣ್ಣನ್ನು ನನ್ನ ಕೈಗಿಟ್ಟಳು.

ಸುಳ್ಳು ಹೇಳಲಾರೆ, ಬಿಸಿಲು ಬಿಸಿಲೇ. ಜೋಳದ ರೊಟ್ಟಿ ಅಗಿದು ದವಡೆ ನೋಯುತ್ತಿತ್ತು, ಹುಳಿ ಸೊಪ್ಪಿನ ಪುಂಡಿಪಲ್ಯಕ್ಕೆ ಕಣ್ಣು ಮುಚ್ಚುತ್ತಿದ್ದೆ. ಭಾನುವಾರದ ಮಧ್ಯಾಹ್ನಗಳಲ್ಲಿ ಮಹಡಿಯ ಕಿಟಕಿ, ಅದರಾಚೆಯ ಸಂಪಿಗೆ ಮರ ನೆನಪಾಗಿ ಅತ್ತಿದ್ದೂ ಉಂಟು.

ಯುಗಾದಿಗೆ ವಾರವಿರುವಾಗ ಅಕ್ಕ ತಾನೇ ಕರೆದೊಯ್ಯಲು ಬಂದಳು. ಬೆವರು ಸುರಿಸುತ್ತ ಕುಳಿತವಳಿಗೆ ಅಮರಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಅಕ್ಕ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಡೋಂಟ್ ಡ್ರಿಂಕ್ ದಿಸ್, ಕಮಲಿ. ಎಷ್ಟು ದಿನದ್ದೋ. ದೀಸ್ ಪೀಪಲ್…" ಎಂದು ಮೆಟ್ಟಿಲಿನಾಚೆ ಚೆಲ್ಲಿದಳು.

ನಾನೂ ಇಂಗ್ಲಿಷಿನಲ್ಲೇ ಉತ್ತರಿಸಬಹುದಿತ್ತು. ಅಮರಮ್ಮನಿಗೂ ಅರ್ಥವಾಗಲೆಂದು ಕನ್ನಡದಲ್ಲೇ ಹೇಳಿದೆ. "ಐದು ದಿನದ ನೀರು ಅಕ್ಕ. ಇನ್ನೂ ಮೂರು ದಿನ ಅವಳ ಮನೆ ಇದರಲ್ಲೇ ನಡೆಯಬೇಕು. ನನಗೆ ಮೊದಲು ನೀರು ಕೊಟ್ಟವಳು ಅವಳು. ಅವಳೆದುರು ನೀನು ಹೀಗೆ ಮಾಡಿದ್ದು ಸರಿಯಲ್ಲ."

ಅಮರಮ್ಮ ಲೋಟ ಎತ್ತಿಕೊಂಡಳು. "ಇರ್ಲಿ ಬಿಡ್ರಿ ಅಮ್ಮಾರ. ನೆಲಕ್ಕೂ ನೀರಡಿಕಿ ಆಗಿತ್ತು."

ಅಕ್ಕನ ಮುಖ ಕೆಂಪಾಯಿತು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಕೇಳಿದಳು, "ಹಾಗಾದ್ರೆ ರೂಮು?"

"ಮೊಮ್ಮಗನಿಗೆ ಕೊಡು."

ಆಷಾಢದಲ್ಲಿ ಅಕ್ಕ ಹೃದಯಾಘಾತದಿಂದ ತೀರಿಕೊಂಡಳು. ನಾನು ಮೈಸೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಹಡಿ ಕೋಣೆಯಲ್ಲಿ ಮೊಮ್ಮಗನ ಮಂಚವಿತ್ತು, ನಾನು ಕೆಳಗಿನ ಹಾಲ್‌ನಲ್ಲಿ ಮಲಗಿದೆ. ಅಲ್ಲಿಯ ಮಕ್ಕಳು ನನ್ನನ್ನು ರಾಯಚೂರಜ್ಜಿ ಎಂದರು. ವಾಪಸು ಬಂದರೆ ಇಲ್ಲಿ ಈಗಲೂ ಮೈಸೂರಮ್ಮ. ಎರಡಕ್ಕೂ ಓಗೊಡುತ್ತೇನೆ, ಎರಡೂ ಪೂರ್ತಿ ನನ್ನ ಹೆಸರಲ್ಲ.

ಅಕ್ಕನನ್ನು ಕೊನೆಯ ಸಲ ನೋಡಿದ್ದು, ಯುಗಾದಿಯ ಆ ವಾರ ಅವಳೊಬ್ಬಳೇ ವಾಪಸು ಹೊರಟಾಗ, ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ. ಕಿಟಕಿಯ ಪಕ್ಕ ನೆಟ್ಟಗೆ ಕುಳಿತಿದ್ದಳು, ನನ್ನ ಕಡೆ ನೋಡದೆ. ಬಿಸಿಲು ಓರೆಯಾಗಿ ಅವಳ ಮುಖಕ್ಕೇ ಬೀಳುತ್ತಿತ್ತು. ಬಸ್ಸು ಅಲುಗಿದಾಗ, ಜನ್ಮದಲ್ಲಿ ಎಂದೂ ತಲೆಗೆ ಸೆರಗು ಹೊದೆಯದ ನನ್ನ ಅಕ್ಕ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಒಂದು ಸಲ ತಿರುಗಿ ನೋಡಿದಳು. ಬಸ್ಸು ಗೇಟಿನ ಹತ್ತಿರ ಹೊರಳಿತು. ಸಾಲು ಕಿಟಕಿಗಳ ತುಂಬ ಸೆರಗು ಹೊದ್ದ ತಲೆಗಳು. ಅದರಲ್ಲಿ ಅಕ್ಕನದು ಯಾವುದೆಂದು ನನಗೆ ಗೊತ್ತಾಗಲಿಲ್ಲ.