ಗೇಟಿನ ಗಂಟೆ ಕೇಳಿಸಿಕೊಂಡವರು

ನಂಜನಗೂಡಿನಲ್ಲಿ ನಾನು ರೈಲ್ವೆಯ ಸಿಗ್ನಲ್ ಮೇಂಟೇನರ್ ಆಗಿದ್ದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಅಲ್ಲಿ ಮೀಟರ್ ಗೇಜ್ ಹಳಿ. ಮೈಸೂರಿಂದ ಚಾಮರಾಜನಗರಕ್ಕೆ ಹೋಗುವ ಪ್ಯಾಸೆಂಜರು ಕಪಿಲೆಯ ಸೇತುವೆ ದಾಟುವಾಗ ಎಷ್ಟು ನಿಧಾನವಾಗುತ್ತಿತ್ತೆಂದರೆ, ಕೆಳಗೆ ಬಟ್ಟೆ ಒಗೆಯುವವರ ಮುಖ ಗುರುತು ಹಿಡಿಯಬಹುದಿತ್ತು. ಕಲ್ಲಿದ್ದಲ ಹೊಗೆಯ ವಾಸನೆ ನನ್ನ ಅಂಗಿಯಿಂದ ಯಾವತ್ತೂ ಹೋಗುತ್ತಿರಲಿಲ್ಲ. ವಾರಕ್ಕೊಮ್ಮೆ ನರಸೀಪುರದ ನಮ್ಮ ಮನೆಗೆ ಹೋದರೆ ಅಮ್ಮ ಮೊದಲು ಅಂಗಿ ಬಿಚ್ಚಿಸಿ ಹಿತ್ತಲಿಗೆ ಹಾಕುತ್ತಿದ್ದಳು, ಆಮೇಲೆ ಕಾಫಿ.

ನರಸೀಪುರಕ್ಕೆ ರೈಲಿಲ್ಲ. ಹಾಗಾಗಿ ನಾನು ಮಾಡುವ ಕೆಲಸ ಏನೆಂದು ಮನೆಯವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಸಂಸ್ಕೃತ ಪಾಠ ಹೇಳುವ ಮೇಷ್ಟ್ರು. ದೊಡ್ಡಪ್ಪ ದೇವಸ್ಥಾನದ ಅರ್ಚಕರು. ರಸ್ತೆ ಗೇಟೊಂದಕ್ಕೆ ಕರೆಂಟಿನ ಗಂಟೆ ಕಟ್ಟುತ್ತಿದ್ದೇನೆ ಎಂದು ಹೇಳಿದಾಗ ದೊಡ್ಡಪ್ಪ, "ನಮ್ಮ ಮನೇಲಿ ಗಂಟೆ ಬಾರಿಸೋದು ತಪ್ಪಲಿಲ್ಲ ನೋಡು" ಎಂದು ನಕ್ಕರು.

ಆ ಗೇಟು ಊರಿಂದಾಚೆ, ನರಸೀಪುರದ ಕಡೆಯ ರಸ್ತೆ ಹಳಿ ದಾಟುವಲ್ಲಿ ಇತ್ತು. ಒಂದು ಕಡೆ ಹಳಿ ನೇರ, ಇನ್ನೊಂದು ಕಡೆ ತಿರುವು. ತಿರುವಿನ ಬದಿಯಲ್ಲಿ ಕಬ್ಬಿನ ಗದ್ದೆ. ಕಬ್ಬು ಆಳೆತ್ತರ ಬೆಳೆದರೆ ಗಾಡಿ ಹತ್ತಿರ ಬರುವವರೆಗೂ ಕಾಣುತ್ತಿರಲಿಲ್ಲ. ಗೇಟಿಗೆ ಫೋನೂ ಇರಲಿಲ್ಲ. ಗೇಟ್‌ಮನ್ ವೇಳಾಪಟ್ಟಿ ನೋಡಿಕೊಂಡು, ಕಬ್ಬಿನ ಮೇಲೆ ಏಳುವ ಹೊಗೆ ನೋಡಿಕೊಂಡು, ಗೇಟು ಹಾಕಬೇಕಿತ್ತು. ಅದಕ್ಕೇ ಅಲ್ಲಿಗೆ ಎಚ್ಚರಿಕೆಯ ಗಂಟೆ ಮಂಜೂರಾದದ್ದು. ಎರಡೂ ದಿಕ್ಕಿನಲ್ಲಿ ದೂರಕ್ಕೆ ಹಳಿಯ ಪಕ್ಕ ಒಂದೊಂದು ಪೆಡಲ್ ಕೂರಿಸಿದೆವು. ಗಾಡಿಯ ಚಕ್ರ ಅದನ್ನು ಒತ್ತಿದರೆ ಗೇಟಿನ ಗುಡಿಸಲಲ್ಲಿ ಗಂಟೆ ಹೊಡೆಯಬೇಕು, ರಸ್ತೆಯ ಎರಡೂ ಬದಿಯ ಕಂಬಗಳಲ್ಲಿ ಕೆಂಪು ದೀಪ ಮಿನುಗಬೇಕು. ಗಂಟೆಗೆ ಬೇಕಾದ ಬ್ಯಾಟರಿ ಗಾಜಿನ ಜಾಡಿಗಳಲ್ಲಿ, ನವಸಾಗರ ಕಲಸಿದ ನೀರಿನಲ್ಲಿ ಇರುತ್ತಿತ್ತು. ಬೇಸಿಗೆಯಲ್ಲಿ ನೀರು ಆರಿಹೋಗುತ್ತದೆ. ಅದಕ್ಕೆ ನೀರು ಹಾಕಲು, ಗಂಟೆ ಪರೀಕ್ಷಿಸಲು ವಾರಕ್ಕೆರಡು ಸಲ ನಾನು ಸೈಕಲ್ಲಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ.

ಗೇಟ್‌ಮನ್‌ಗೆ ಐವತ್ತು ದಾಟಿತ್ತು. ಉದ್ದನೆಯ ಮನುಷ್ಯ, ಕಡಿಮೆ ಮಾತು. ಮಾತಾಡುವಾಗ ನಮ್ಮ ಮುಖವನ್ನೇ ನೆಟ್ಟು ನೋಡುತ್ತಿದ್ದರು. ಇಷ್ಟು ಗಮನ ಕೊಟ್ಟು ಕೇಳುವವರು ಇಲಾಖೆಯಲ್ಲಿ ಇನ್ನೊಬ್ಬರಿಲ್ಲ ಎಂದು ನನಗೆ ಅವರ ಮೇಲೆ ಗೌರವ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಗೇಟಿನ ಪಕ್ಕದಲ್ಲೇ ಅವರಿಗೆ ಒಂದು ಕೋಣೆಯ ಮನೆ. ಅಕ್ಕ ಅದರ ಸುತ್ತ ಕನಕಾಂಬರ, ಬದನೆ, ಸೋರೆ ಹಾಕಿದ್ದರು. ನಾನು ಹೋದಾಗಲೆಲ್ಲ ಆಕೆ ಹೊರಗೆ ಏನಾದರೊಂದು ಕೆಲಸ ಮಾಡುತ್ತಾ ಗುಡಿಸಲ ಎದುರಿಗೇ ಕೂತಿರುತ್ತಿದ್ದರು. ಗಂಟೆ ಹೊಡೆದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಗಂಡನೂ ಎದ್ದು ಹೋಗಿ ಗೇಟಿನ ಹ್ಯಾಂಡಲ್ ತಿರುಗಿಸುತ್ತಿದ್ದರು. ಗಂಡನ ಕೆಲಸಕ್ಕೆ ಹೆಂಡತಿ ಕೊಡುವ ಮರ್ಯಾದೆ ಇದು ಅಂದುಕೊಂಡಿದ್ದೆ.

ಗಂಟೆ ಹಾಕಿ ಒಂದು ವರ್ಷವಾಗಿರಬೇಕು. ಒಂದು ಮಧ್ಯಾಹ್ನ ಜಾಡಿಗಳಿಗೆ ನೀರು ಹಾಕಲು ಹೋದೆ. ಅಕ್ಕ ಇರಲಿಲ್ಲ.

"ಮಗಳಿಗೆ ನೋವು ಕಾಣಿಸ್ಕಂಡದೆ ಅಂತ ಅಳಿಯ ಬಂದಿದ್ದ ಸಾ. ಬೆಳಗ್ಗೆ ಬಸ್ಸಿಗೆ ನರಸೀಪುರದ ಆಸ್ಪತ್ರೆಗೆ ಓದ್ಲು," ಎಂದರು ಗೇಟ್‌ಮನ್.

ನಾನು ಗುಡಿಸಲ ಹಿಂದಿನ ಬ್ಯಾಟರಿ ಪೆಟ್ಟಿಗೆ ತೆರೆದು ಕೂತೆ. ಅವರು ಬಾಗಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ ಹಗ್ಗ ಹೊಸೆಯುತ್ತಿದ್ದರು. ಗಂಟೆ ಅವರ ತಲೆಯ ಹಿಂದಿನ ಗೋಡೆಗೇ ಇತ್ತು. ಆ ಹೊತ್ತಿಗೆ ಯಾವ ಪ್ಯಾಸೆಂಜರೂ ಇರಲಿಲ್ಲ. ಮೈಸೂರಿಂದ ಗೂಡ್ಸ್ ಒಂದು ಬರುವುದಿದೆ ಎಂಬುದು ನನಗೂ ಗೊತ್ತಿರಲಿಲ್ಲ.

ಗಂಟೆ ಹೊಡೆಯತೊಡಗಿತು. ನಾನು ಜಾಡಿಯ ಮುಚ್ಚಳ ಹಾಕುತ್ತಾ ಹ್ಯಾಂಡಲಿನ ಸದ್ದಿಗೆ ಕಾದೆ. ಸದ್ದಿಲ್ಲ. ಗಂಟೆ ಹೊಡೆಯುತ್ತಲೇ ಇದೆ. ಎದ್ದು ಬಂದು ನೋಡಿದರೆ ಅವರು ಕೂತೇ ಇದ್ದಾರೆ, ಹಗ್ಗದ ಎಳೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೊಸೆಯುತ್ತಿದ್ದಾರೆ. ರಸ್ತೆಯಲ್ಲಿ ಕಬ್ಬು ತುಂಬಿದ ಎತ್ತಿನ ಬಂಡಿ ಗೇಟಿನ ಹತ್ತಿರ ಬಂದಿತ್ತು. ಅದರ ಹಿಂದೆ ನರಸೀಪುರದ ಬಸ್ಸು. ಕೆಂಪು ದೀಪ ಮಿನುಗುತ್ತಿತ್ತು, ನಿಜ. ಆದರೆ ದೀಪ ನೋಡಿ ಬಂಡಿ ನಿಲ್ಲಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಗೇಟು ತೆರೆದಿದ್ದರೆ ದಾರಿ ಇದೆ ಎಂದೇ ಅರ್ಥ.

ನಾನು ಓಡಿದೆ. ಹ್ಯಾಂಡಲ್ ತಿರುಗಿಸುವುದು ನನಗೆ ಅಭ್ಯಾಸವಿರಲಿಲ್ಲ, ಕೈ ಜಾರಿತು. ಅಷ್ಟರಲ್ಲಿ ನಾನು ಓಡಿದ್ದನ್ನು ನೋಡಿ ಅವರೂ ಬಂದು ನನ್ನ ಕೈಮೇಲೆ ಕೈಯಿಟ್ಟು ತಿರುಗಿಸಿದರು. ಗೇಟು ಎತ್ತುಗಳ ಮೂತಿಯ ಮುಂದೆ ಇಳಿಯಿತು. ಬಂಡಿಯವನು ಮೂಗುದಾರ ಜಗ್ಗಿ ಹಿಡಿದ. ಕಬ್ಬಿನ ತಿರುವಿನಿಂದ ಎಂಜಿನ್ ಹೊರಗೆ ಬಂತು. ಒಂದೊಂದೇ ಡಬ್ಬಿ ದಾಟಿ ಹೋಗುವವರೆಗೂ ನಾವಿಬ್ಬರೂ ಹ್ಯಾಂಡಲ್ ಹಿಡಿದೇ ನಿಂತಿದ್ದೆವು.

ಗೇಟು ತೆಗೆದಾಗ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಏನಣ್ಣ, ಇವತ್ತು ಎತ್ತಿನ ಮೂತಿಗೇ ಆಕ್ಬುಟ್ಯಲ್ಲ" ಎಂದು ನಗುತ್ತಾ ಹೋದ. ಅವನಿಗೆ ಏನೂ ತಿಳಿದಿರಲಿಲ್ಲ.

ಅವರು ಹೋಗಿ ಮತ್ತೆ ಬಾಗಿಲಲ್ಲಿ ನಿಂತರು. ಗುಡಿಸಲೊಳಗೆ ಹೋಗಿ ಅವರ ಬೆನ್ನ ಹಿಂದೆ ನಿಂತು, "ಯಜಮಾನ್ರೇ" ಅಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಹೆಗಲು ಮುಟ್ಟಿದೆ. ಆಗ ಅವರು ನನ್ನ ಮುಖ ನೋಡಿದರು. ಅಷ್ಟು ದಿನ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ತುಟಿಯನ್ನು ಎಂದು ನನಗೆ ಹೊಳೆದದ್ದು ಆವಾಗ.

"ಎಷ್ಟು ದಿನದಿಂದ?"

"ಎರಡು ವರ್ಸ ಆಯ್ತು ಸಾ. ಮೊದ್ಲು ಒಂದೇ ಕಿವಿ. ಆಮೇಲೆ ಎರಡೂ ಓದೊ."

"ರೈಲ್ವೆ ಡಾಕ್ಟರ್ ಪರೀಕ್ಷೆಲಿ ಗೊತ್ತಾಗ್ಲಿಲ್ವಾ?"

"ಕಣ್ಣು ನೋಡಿದ್ರು. ಎದುರುಗಡೆ ನಿಂತು ಎಸರು, ಊರು ಕೇಳಿದ್ರು. ಯೋಳ್ದೆ."

"ಹಾಗಾದ್ರೆ ಇಷ್ಟು ದಿನ ಗಂಟೆ..."

ಅವರು ಹೊರಗಿನ ಬದನೆ ಪಾತಿಯ ಕಡೆ ನೋಡಿದರು. ಅಕ್ಕ ಯಾವಾಗಲೂ ಕೂರುತ್ತಿದ್ದ ಜಾಗ. ಆಕೆ ಎದ್ದು ನಿಲ್ಲುತ್ತಿದ್ದದ್ದು ಮರ್ಯಾದೆಗಲ್ಲ.

ಸಿಟ್ಟು ಬಂತು. ಎಷ್ಟು ಬಂತೆಂದರೆ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿಸಾಡಿದೆ. ಆ ಬಸ್ಸಿನಲ್ಲಿ ಎಷ್ಟೋ ಸಲ ನಾನೇ ಕೂತು ಹೋಗಿದ್ದೆ. ಅಮ್ಮ ಕೂತು ಬಂದಿದ್ದಳು. "ಇದನ್ನ ಬರೆದು ಕೊಡಬೇಕಾಗುತ್ತೆ ನಾನು" ಅಂದೆ.

"ಬರೀರಿ ಸಾ. ಬೇಡ ಅನ್ನಕ್ಕಿಲ್ಲ," ಎಂದರು. ಹಗ್ಗ ಸುತ್ತಿಡುತ್ತಾ, "ಅವಳಿಗೆ ಮಾತ್ರ ಯೋಳ್ಬೇಡಿ. ಇವತ್ತೊಂದಿನ ಬುಟ್ಟು ಓಗಕ್ಕೂ ಅವಳು ಒಪ್ಪಿರ್ಲಿಲ್ಲ. ನಾನೇ ಬಲವಂತ ಮಾಡಿ ಕಳಿಸ್ದೆ" ಎಂದರು.

ಆವತ್ತು ಸಂಜೆ ಇನ್ನೊಬ್ಬ ಗೇಟ್‌ಮನ್ ಡ್ಯೂಟಿಗೆ ಬರುವವರೆಗೂ ನಾನು ಅಲ್ಲೇ ಕೂತೆ. ಗಂಟೆ ಹೊಡೆದಾಗಲೆಲ್ಲ ಎದ್ದು ನಿಂತೆ, ಅವರು ಗೇಟು ಹಾಕಿದರು. ನಾಳೆಯಿಂದ ರಜಾ ಬರೆದುಕೊಡಬೇಕು, ನಾನು ಹೇಳುವವರೆಗೂ ಗೇಟಿಗೆ ಬರಬಾರದು ಅಂದೆ. ಒಪ್ಪಿದರು. ಸ್ಟೇಷನ್ ಮಾಸ್ಟರಿಗೆ ಮಗಳ ಹೆರಿಗೆ ಎಂದು ಚೀಟಿ ಬರೆದರು. ಅದು ಸುಳ್ಳೂ ಅಲ್ಲ. ಆಮೇಲೆ ಇಬ್ಬರೂ ನರಸೀಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಏನಾದರೂ ಹೇಳಬೇಕೆಂದರೆ ಅವರು ತಿರುಗಬೇಕಿತ್ತು. ತಿರುಗಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದರು. ಗಂಡನ ಜೊತೆ ನನ್ನನ್ನು ನೋಡಿದ್ದೇ ತಡ, ಚೊಂಬು ಕೆಳಗಿಟ್ಟು ಕೇಳಿದರು, "ಯಾರ್‌ಗಾರ ಏನಾರ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ ಅಕ್ಕ."

ಅವರು ಕಂಬಕ್ಕೆ ಒರಗಿ ಕೂತುಬಿಟ್ಟರು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂಬುದನ್ನು ಆಮೇಲೆ ಹೇಳಿದರು. ಗಂಡ ಮಗುವನ್ನು ನೋಡಲು ಒಳಗೆ ಹೋದಾಗ ನನ್ನ ಹತ್ತಿರ ಮೆಲ್ಲಗೆ ಮಾತಾಡಿದರು.

"ಎರಡು ವರ್ಸದಿಂದ ನಾನು ಎಲ್ಲೂ ಓಗಿಲ್ಲ ತಮ್ಮ. ನಮ್ಮಣ್ಣನ ಮಗಳ ಮದ್ವೆಗೂ ಓಗಿಲ್ಲ. ಒಳೆಗೆ ಬಟ್ಟೆ ಒಗಿಯಕ್ಕೆ ಓದ್ರೂ ಒಂದು ಗಾಡಿ ಓಗಿ ಇನ್ನೊಂದು ಬರೋ ಒಳಗೆ ಓಡಿ ಬತ್ತಿದ್ದೆ. ನೀವು ಆ ಬೆಲ್ಲು ತಂದಾಗ ಎಷ್ಟು ನೆಮ್ಮದಿ ಆಯ್ತು ಗೊತ್ತಾ? ಅದಕ್ ಮುಂಚೆ ಕಬ್ಬಿನ ಮೇಲೆ ಒಗೆ ನೋಡಿ ನೋಡಿ ಕಣ್ಣೇ ಓಗದು ಬಾಕಿ ಇತ್ತು."

"ಮೊದಲೇ ಯಾರಿಗಾದ್ರೂ ಹೇಳಬಾರದಾಗಿತ್ತಾ ಅಕ್ಕ?"

"ಯೋಳಿದ್ರೆ ಮನೆ ಬುಡಿ ಅಂತಿದ್ರು. ಇನ್ನೇನ್ ಮಾಡ್ಲಿ?" ಎಂದರು. ಆಮೇಲೆ ಚೊಂಬು ಕೈಗೆತ್ತಿಕೊಂಡು, "ಇವತ್ತು ನೀನು ಇಲ್ದೆ ಇದ್ದಿದ್ರೆ" ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾನು ಏಳುವಾಗ ಅವರೇ ಅಂದರು: "ನೀನು ಏನೂ ಬರೀಬೇಡ. ನಾನೇ ಅವರ್‍ನ ಕರ್ಕಂಡು ಓಗಿ ಯೋಳುಸ್ತೀನಿ. ಮೂರು ದಿನ ಟೇಮ್ ಕೊಡು. ಮಗು ನೀರು ಉಯ್ಸ್ಕಳ್ಲಿ."

ಮೂರು ದಿನ ಕೊಟ್ಟೆ. ಅದು ಸರಿಯೋ ತಪ್ಪೋ ಎಂದು ಈಗಲೂ ಗೊತ್ತಿಲ್ಲ. ಬೇರೆ ಗೇಟ್‌ಮನ್ ಇದ್ದರು, ಅಪಾಯವೇನೂ ಇರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಹೇಳಿದ ಹಾಗೆ ನಾಲ್ಕನೆಯ ದಿನ ಗಂಡಹೆಂಡತಿ ಸ್ಟೇಷನ್ನಿಗೆ ಬಂದರು. ನಮ್ಮ ಇಲಾಖೆಯ ಇನ್ಸ್‌ಪೆಕ್ಟರ್ ಮೈಸೂರಿಂದ ಬಂದಿದ್ದರು. ಅವರೆದುರು ಅಕ್ಕನೇ ಮಾತಾಡಿದರು, ಗಂಡ ತಲೆ ತಗ್ಗಿಸಿ ನಿಂತಿದ್ದರು. ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

"ಮೂರು ದಿನದ ಹಿಂದೆ ಗೊತ್ತಾಯ್ತು ಸಾರ್."

"ಮೂರು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

ನನಗೊಂದು ಎಚ್ಚರಿಕೆಯ ಪತ್ರ ಬಂತು. ಅಕ್ಕನ ಗಂಡನನ್ನು ಮೈಸೂರಿಗೆ ಕರೆಸಿ ಕಿವಿ ಪರೀಕ್ಷೆ ಮಾಡಿಸಿದರು. ಗೇಟಿನ ಕೆಲಸಕ್ಕೆ ಆಗುವುದಿಲ್ಲ ಎಂದು ಬರೆದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ನಂಜನಗೂಡು ಸ್ಟೇಷನ್ನಿನಲ್ಲೇ ಪ್ರಯಾಣಿಕರಿಗೆ ನೀರು ಕೊಡುವ ಕೆಲಸಕ್ಕೆ ಹಾಕಿದರು. ಗೇಟಿನ ಮನೆ ಬಿಡಬೇಕಾಯಿತು. ಅವರು ಸಾಮಾನು ಬಂಡಿಗೆ ಹೇರುವ ದಿನ ನಾನು ಹೋಗಿದ್ದೆ. ಅಕ್ಕ ಕನಕಾಂಬರದ ಗಿಡ ಬೇರುಸಮೇತ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡರು. ಬದನೆ ಹೊಸಬರಿಗೆ ಇರಲಿ ಎಂದರು.

ಬಂದ ಹೊಸ ಗೇಟ್‌ಮನ್‌ಗೋಸ್ಕರ ಇನ್ಸ್‌ಪೆಕ್ಟರ್ ಒಂದು ಕೆಲಸ ಹೇಳಿದರು: ಗಂಟೆಯ ಜೊತೆಗೆ ಗುಡಿಸಲೊಳಗೂ ಒಂದು ಕೆಂಪು ದೀಪ ಹಾಕು ಅಂತ. ರಸ್ತೆಯ ದೀಪಗಳ ಮುಖ ಬಂಡಿ ಬಸ್ಸುಗಳ ಕಡೆ ಇತ್ತು. ಗುಡಿಸಲ ಕಡೆಗೆ ಅವುಗಳ ಬೆನ್ನು. ಒಳಗಿನ ದೀಪಕ್ಕೆ ಅರ್ಧ ದಿನದ ಕೆಲಸ, ಎರಡು ಗಜ ತಂತಿ. ಸುದ್ದಿ ಕಿವಿಗಲ್ಲದಿದ್ದರೂ ಹೇಗೋ ಹಳೆಯ ಗೇಟ್‌ಮನ್‌ಗೆ ಮುಟ್ಟಿತು. ಪ್ಲಾಟ್‌ಫಾರಂನಲ್ಲಿ ನನ್ನನ್ನು ನಿಲ್ಲಿಸಿ, "ಆ ದೀಪ ಮೊದ್ಲೇ ಆಕಿದ್ರೆ ನಾನು ಅಲ್ಲೇ ಇರ್ತಿದ್ದೆ ಅಲ್ವಾ ಸಾ?" ಎಂದು ಕೇಳಿದರು. ಆಮೇಲೆ ಎಷ್ಟೋ ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ನೀರು ಕೇಳಿದರೆ ಕೊಡುತ್ತಿದ್ದರು, ಮುಖ ಮಾತ್ರ ಬೇರೆ ಕಡೆ.

ಒಂದು ದಿನ ಆ ಗೇಟಿನ ಗಂಟೆ ಕೆಟ್ಟಿತು. ಬದಲಿಗೆ ಬೇರೆ ಗಂಟೆ ಹಾಕಿ, ಹಳೆಯದನ್ನು ಸ್ಟೇಷನ್ನಿಗೆ ತಂದು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಬಿಚ್ಚಿಕೊಂಡು ಕೂತಿದ್ದೆ. ಅವರು ಬಕೆಟ್ ಹಿಡಿದು ಹೋಗುತ್ತಿದ್ದವರು ನಿಂತರು.

"ಇದೇನಾ ಅದು?"

"ಇದೇ."

"ಎಂಗ್ ಕೂಗ್ತದೆ?"

ಒಂದು ವರ್ಷ ಆ ಗಂಟೆಯ ಕೆಳಗೆ ಕೂತು ಕೆಲಸ ಮಾಡಿದವರು. ಸ್ಕೂಲಿನ ಗಂಟೆಯ ಹಾಗಲ್ಲ, ದೇವಸ್ಥಾನದ್ದರ ಹಾಗಲ್ಲ, ಎಂದೇನೋ ತೊದಲಿದೆ. ಕೊನೆಗೆ ಅವರ ಅಂಗೈ ಹಿಡಿದು ಗಂಟೆಯ ಮರದ ಹಲಗೆಯ ಮೇಲೆ ಇಟ್ಟು, ತಂತಿ ಬ್ಯಾಟರಿಗೆ ಮುಟ್ಟಿಸಿದೆ. ಗಂಟೆ ಗಣಗಣ ಹೊಡೆಯಿತು. ಪ್ಲಾಟ್‌ಫಾರಂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಅಂಗೈ ನೋಡುತ್ತಾ ನಿಂತರು.

"ಜೀರುಂಡೆ ಇಡ್ಕಂಡಂಗದೆ" ಎಂದರು. ಮುಖದಲ್ಲಿ ನಗು ಬಂತು. "ಇನ್ನೊಂದ್ಸಲ ಆಕಿ ಸಾ."

ಇನ್ನೊಂದು ಸಲ ಹಾಕಿದೆ. ಅವರು ಬಕೆಟ್ ಎತ್ತಿಕೊಂಡು ಹೋಗುವ ಮುಂಚೆ ನನಗೊಂದು ಲೋಟ ನೀರು ಕೊಟ್ಟರು, ನಾನು ಕೇಳಿರಲಿಲ್ಲ. ಅವತ್ತಿನಿಂದ ಮಾತು ಮತ್ತೆ ಶುರುವಾಯಿತು.

ಎಂಬತ್ತರ ದಶಕದ ನಡುವಿನಲ್ಲಿ ಅವರು ನಿವೃತ್ತರಾಗಿ ಮಗಳಿರುವ ನರಸೀಪುರಕ್ಕೇ ಹೋದರು. ನನಗೂ ವರ್ಗವಾಯಿತು. ನಾನು ಹೋಗುವ ಮುಂಚಿನ ತಿಂಗಳು ಹುಲ್ಲಹಳ್ಳಿಯ ಬಸ್ಸಿನಲ್ಲಿ ಅಕ್ಕ ಸಿಕ್ಕರು, ಒಬ್ಬರೇ. ಹೊಸ ಸೀರೆ, ತಲೆ ತುಂಬ ಹೂವು.

"ಎಲ್ಲಿಗೆ ಅಕ್ಕ?"

"ನಮ್ಮಣ್ಣನ ಮೊಮ್ಮಗನ ನಾಮಕರಣ ಕಣಪ್ಪ. ಅದು ಮುಗಿಸ್ಕಂಡು ನಾಡಿದ್ದು ತಂಗಿ ಊರಿಗೆ. ಅಲ್ಲಿ ಒಂದು ವಾರ ಇರ್ತೀನಿ."

"ಅವರು?"

"ಮನೇಲವ್ರೆ. ಮೊಮ್ಮಗಳ ಜೊತೆ. ಅವಳು ಕೈಸನ್ನೆ ಮಾಡಿ ಎಲ್ಲಾ ಯೋಳ್ತಾಳೆ, ನನಗಿಂತ ಚೆನ್ನಾಗಿ ಅರ್ಥ ಆಯ್ತದಂತೆ," ಎಂದು ನಕ್ಕರು.

ಆಮೇಲೆ ಮೊಮ್ಮಗಳ ಮಾತೇ ಆಯಿತು, ಹುಲ್ಲಹಳ್ಳಿ ಬರುವವರೆಗೂ. ಬಸ್ಸಿಳಿದು ಆಕೆ ಸೆರಗು ಸರಿಮಾಡಿಕೊಂಡು, ತರಕಾರಿ ಮಾರುವವರ ನಡುವೆ ದಾರಿ ಮಾಡಿಕೊಂಡು, ಅವಸರವಿಲ್ಲದೆ ನಡೆದು ಹೋದರು.