ಹಾವಿನ ಕಣ್ಣು ಸವೆಸಿದ ಕೈ

ಬೆಳಕು ಇನ್ನೂ ಕಿಟಕಿಯ ಕಂಬಿ ದಾಟಿಲ್ಲ. ಆಕೆ ನಿಂಬೆಸಿಪ್ಪೆಯನ್ನು ಬೂದಿಯಲ್ಲಿ ಅದ್ದುತ್ತಾರೆ, ಗೋಡೆಯ ಮೇಲಿನ ಹಿತ್ತಾಳೆ ತಟ್ಟೆಯ ಅಂಚಿಗೆ ಒತ್ತುತ್ತಾರೆ, ಸುತ್ತು ಹಾಕುತ್ತಾ ಮೆಲ್ಲಗೆ ಒಳಕ್ಕೆ ಬರುತ್ತಾರೆ. ಮಾತಿಲ್ಲ, ಗುನುಗಿಲ್ಲ. ಹಳೇ ಬಟ್ಟೆಯ ಸರಸರ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ. ಕಣ್ಣು ಮುಚ್ಚಿಯೇ ಇರುತ್ತದೆ. ಕೈಗೆ ದಾರಿ ಗೊತ್ತು.

ತಬ್ಬಿದರೆ ತೋಳು ಸಾಲದಷ್ಟು ದೊಡ್ಡ ತಟ್ಟೆ ಅದು. ತನ್ನ ಬಾಲವನ್ನೇ ಬಾಯಲ್ಲಿ ಹಿಡಿದ ಹಾವು, ಅದರೊಳಗೆ ಒಂದರ ಮೇಲೊಂದು ಕೂತ ತ್ರಿಕೋನಗಳು, ನಟ್ಟನಡುವೆ ಒಂದು ಬಿಂದು. ಮಾಡಿಸಿದವರು ಯಾರೂ ಈಗಿಲ್ಲ, ಅರ್ಥ ಹೇಳಿಯೂ ಹೋಗಿಲ್ಲ. ಆ ಗೂಢ ಚಿಹ್ನೆಗಳನ್ನು ಬಿಡಿಸಲೆಂದೇ ಓದಿಕೊಂಡ ಕೆಲವರು ಸಂಜೆ ಹೊತ್ತು ಈ ಮಹಡಿ ಕೋಣೆಯಲ್ಲಿ ಸೇರುತ್ತಾರೆ. ಬೆಳಿಗ್ಗೆ ಅದನ್ನು ಬೆಳಗುವುದು ಈಕೆ. ಬೀದಿಯವರ ಬಾಯಲ್ಲಿ ಮೆರುಗಮ್ಮ.

ಕಸುಬು ಗಂಡನ ಮನೆಯಿಂದ ಬಂದದ್ದು. ಬಾಗಿಲ ಹಿಡಿ, ಮೆಟ್ಟಿಲ ಕಂಬಿ, ಅಂಗಡಿಗಳ ಹೆಸರುಫಲಕ, ಹೀಗೆ ಬಿಸಿಲೇರುವ ಮುಂಚೆ ಐದಾರು ಕಡೆ ಮುಗಿಯಬೇಕು. ಬೆರಳ ಸಂದಿ ಸೀಳಿದೆ. ಎಷ್ಟು ತೊಳೆದರೂ ಲೋಹದ ವಾಸನೆ ಹೋಗದು.

"ಊರಿಗೆಲ್ಲ ಹೊಳಪು ಕೊಡೋ ನಮ್ಮತ್ತೆ, ಮನೆ ಚಮಚ ಮಾತ್ರ ಕಪ್ಪಗೇ ಬಿಟ್ಟಿದ್ದಾರೆ ನೋಡಿ" ಎಂದು ಸೊಸೆ ಛೇಡಿಸುತ್ತಾಳೆ.

"ಅದೂ ನಾನೇ ಉಜ್ಜಿಬಿಟ್ರೆ ನಿನಗೆ ದೂರೋಕೆ ಏನೇ ಉಳಿಯುತ್ತೆ?"

ಗಂಡ ಹಾಸಿಗೆ ಹಿಡಿದು, ನರಳಿ ನರಳಿ ಹೋದಾಗ ಮೆರುಗಮ್ಮನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. "ದೇವರ ಮೇಲೆ, ಡಾಕ್ಟರ ಮೇಲೆ, ಬದುಕಿರೋರ ಮೇಲೆಲ್ಲ. ಸಮಾಧಾನ ಹೇಳೋಕೆ ಬಂದೋರನ್ನ ಕಚ್ಚೋ ಹಾಗೆ ಮಾತಾಡ್ತಿದ್ದೆ. ಈ ತಟ್ಟೆ ಮುಂದೆ ಬೈಯೋಕೆ ಯಾರೂ ಇರ್ಲಿಲ್ಲ. ಉಜ್ತಾ ಉಜ್ತಾ ಯಾವತ್ತೋ ಸಿಟ್ಟು ಹೋಯ್ತು. ಯಾವತ್ತು ಅಂತ ಕೇಳ್ಬೇಡಿ. ಹೋಗೋದನ್ನ ನಾನು ನೋಡ್ಲಿಲ್ಲ."

ಸಂಜೆಯ ಗುಂಪಿಗೆ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. ದಿನಾ ಮುಟ್ಟುವವರಿಗೆ ಅರ್ಥ ಗೊತ್ತಿರದಿದ್ದರೆ ಹೇಗೆ ಎಂದು ಅವರೇ ಒಮ್ಮೆ ಮೆರುಗಮ್ಮನನ್ನು ಕರೆದು ಕೂರಿಸಿದ್ದರು. ಹಾವೆಂದರೆ ಕಾಲ, ಅದರ ಕಣ್ಣು ಅರಿವು, ತ್ರಿಕೋನಗಳು ಇಚ್ಛೆ, ಜ್ಞಾನ, ಕ್ರಿಯೆ. ಆಕೆ ಗಮನವಿಟ್ಟು ಕೇಳಿದರು. ಮಾರನೇ ಬೆಳಿಗ್ಗೆ ಕೈ ಗೆರೆಗೆರೆಗೂ ನಿಂತಿತು.

"ಇದು ಕಾಲವಾ, ಇದು ಇಚ್ಛೆಯಾ ಅಂತ ಕೈಗೂ ಬಾಯಿ ಬಂದ್ಬಿಡ್ತು. ತಟ್ಟೆ ಹೊಳೀತು, ನಾನು ಮಂಕಾದೆ. ಮೇಷ್ಟ್ರು ಹೇಳಿದ್ದು ಸುಳ್ಳು ಅಂತಲ್ಲ. ಚೆನ್ನಾಗೇ ಇತ್ತು. ನನ್ನ ಹಸಿವು ಬೇರೆ." ಆಮೇಲೆ ಆಕೆ ಅರ್ಥ ಕೇಳಲು ಸಂಜೆಯ ಗುಂಪಿಗೆ ಹೋಗಲಿಲ್ಲ. ಕೈಗೆ ಬಂದ ಆ ಬಾಯಿ ಮುಚ್ಚಿಸಲು ಒಂದು ಮಳೆಗಾಲವೇ ಹಿಡಿಯಿತಂತೆ.

ಈಗ ಬಂದಿರುವ ತೊಡಕು ಆ ಕೈಯಿಂದಲೇ ಬಂದದ್ದು. ಇಷ್ಟು ವರ್ಷ ಉಜ್ಜಿ ಉಜ್ಜಿ ಹಾವಿನ ಕಣ್ಣು ಸವೆದು ನುಣ್ಣಗಾಗಿದೆ. ಮೇಷ್ಟ್ರು ದೀಪ ಹಿಡಿದು ನೋಡಿ ಗಾಬರಿಯಾದರು. ಬೈಯಲಿಲ್ಲ. "ಆಕೆಗೆ ಇಲ್ಲಿ ಸಿಕ್ಕಿದ್ದು ನನಗೆ ಇಷ್ಟು ಓದಿದರೂ ಸಿಕ್ಕಿಲ್ಲ, ಒಪ್ಪಿದೆ" ಎನ್ನುತ್ತಾರೆ. "ಆದರೆ ನಾಳೆ ಬರೋನಿಗೆ ಆ ಕಣ್ಣೇ ದಾರಿ ತೋರಿಸಬಹುದಲ್ಲ? ಎಲ್ಲ ಸವೆದುಹೋದ್ರೆ ಅವನು ಏನು ನೋಡ್ಬೇಕು?"

"ಅದೂ ಸರಿನೇ. ಆ ಕಣ್ಣನ್ನ ತಿಂದಿದ್ದು ನನ್ನ ಕೈಯೇ" ಎನ್ನುತ್ತಾರೆ ಮೆರುಗಮ್ಮ.

ಕಣ್ಣನ್ನು ಮತ್ತೆ ಕೆತ್ತಿಸಿ, ತಟ್ಟೆಗೆ ಗಾಜು ಹಾಕಿಸುವುದೆಂದು ತೀರ್ಮಾನವಾಗಿದೆ. ಆಕೆಯ ಕೂಲಿಗೆ ಕುತ್ತಿಲ್ಲ, ಗಾಜು ಒರೆಸಿದರೆ ಸಾಕು. ಗಾಜಿನ ಮಾತು ಹೇಳುವಾಗ ಮಾತ್ರ ಆಕೆಯ ದನಿ ಇಳಿಯುತ್ತದೆ. "ಹಿತ್ತಾಳೆ ಕೈ ಕೆಳಗೆ ಬೆಚ್ಚಗಾಗುತ್ತೆ. ಗಾಜಿನ ಮೇಲಿಂದ ಯಾರನ್ನ ಮುಟ್ಟಲಿ?"

ಇವತ್ತು ಸಂಜೆ ಗಾಜಿನವನು ಅಳತೆಗೆ ಬಂದಿದ್ದಾನೆ. ತಟ್ಟೆಯ ಧೂಳು ಒರೆಸಿಕೊಡಲು ಮೆರುಗಮ್ಮನನ್ನೂ ಕರೆಸಿದ್ದಾರೆ. ಜೊತೆಗೆ ಬಂದ ಕೆತ್ತುವವನು ಒಂದೇ ಒಂದು ಮಾತು ಕೇಳುತ್ತಾನೆ: ಕಣ್ಣು ಯಾವ ಕಡೆ ನೋಡ್ತಿತ್ತು, ಒಳಕ್ಕೋ, ಹೊರಕ್ಕೋ? ಯಾರಿಗೂ ನೆನಪಿಲ್ಲ. ಒಬ್ಬೊಬ್ಬರು ಬರೆದುಕೊಂಡ ಚಿತ್ರದಲ್ಲಿ ಒಂದೊಂದು ಕಡೆ. ಒಳಕ್ಕಾದರೆ ಆತ್ಮ, ಹೊರಕ್ಕಾದರೆ ಜಗತ್ತು ಎಂದು ದನಿಗಳು ಏರುತ್ತವೆ. ಕಡೆಗೆ ಎಲ್ಲರೂ ಮೆರುಗಮ್ಮನ ಕಡೆ ತಿರುಗುತ್ತಾರೆ.

"ನನಗೇನ್ ಗೊತ್ತಪ್ಪಾ" ಎಂದು ಆಕೆ ನಗುತ್ತಾರೆ. "ನಾನು ಕಣ್ಣು ಮುಚ್ಕೊಂಡಿರ್ತಿದ್ದೆ."

ಎಲ್ಲರೂ ನಕ್ಕು ಮತ್ತೆ ವಾದಕ್ಕಿಳಿಯುತ್ತಾರೆ. ಆಕೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿ, ಬಾಗಿಲ ತನಕ ಹೋಗಿ, ತಿರುಗಿ ನಿಲ್ಲುತ್ತಾರೆ.

"ಮೇಷ್ಟ್ರೇ, ಆ ಗಾಜಿಗೊಂದು ಬಾಗಿಲು ಇಡ್ಸಿ. ಬೆಳಿಗ್ಗೆ ಒಂದ್ಸಲ ತೆಗೆಯೋ ಹಾಗೆ. ಉಜ್ಜಲ್ಲ. ಬರೀ ಕೈ ಇಡ್ತೀನಿ."

ಗಾಜಿನವನು ಟೇಪು ಹಿಡಿದು ಮೇಷ್ಟ್ರ ಮುಖ ನೋಡುತ್ತಾನೆ. ಮೇಷ್ಟ್ರು ತಟ್ಟೆಯನ್ನು ನೋಡುತ್ತಿದ್ದಾರೆ.